ಅಪ್ಪನ ಗ್ರಂಥ, ಮಗನ ಕಾದಂಬರಿ

ಶಾಲೆಯಲ್ಲಿ ಡ್ರಾಯಿಂಗ್ ಪರೀಕ್ಷೆಗೆ ಕೂತವರಿಗೆ ವಸ್ತುಚಿತ್ರ ಎಂದರೇನೆಂದು ಹೇಳಬೇಕಾಗಿಲ್ಲ. ಮೇಜಿನ ಮೇಲೊಂದು ಬಕೆಟ್ಟು, ಪಕ್ಕದಲ್ಲಿ ಒಂದು ತಂಬಿಗೆ, ಮುಂದೆ ಎರಡು ಬದನೆಕಾಯಿ. ಬೆಳಕು ಯಾವ ಕಡೆಯಿಂದ ಬೀಳುತ್ತದೆ, ನೆರಳು ಎತ್ತ ಚಾಚುತ್ತದೆ, ತಂಬಿಗೆಯ ಬಾಯಿ ದುಂಡಗೆ ಕಾಣುತ್ತದೋ ಮೊಟ್ಟೆಯಾಕಾರಕ್ಕೆ ತಿರುಗಿದೆಯೋ, ಇಷ್ಟನ್ನು ಸರಿಯಾಗಿ ಬಿಡಿಸಿದರೆ ಅಂಕ ಸಿಗುತ್ತಿತ್ತು. ಆ ತಂಬಿಗೆ ಯಾರದು ಎಂದು ಮೇಷ್ಟ್ರು ಹೇಳುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ. ಅದು ಯಾರದಾದರೂ ಚಿತ್ರಕ್ಕೆ ವ್ಯತ್ಯಾಸವೇನೂ ಆಗುವುದಿಲ್ಲ ಎಂದೇ ನಾವು ನಂಬಿದ್ದೆವು.

ವ್ಯತ್ಯಾಸ ಆಗುತ್ತದೆ ಎಂದು ನಮಗೆ ತೋರಿಸಿಕೊಟ್ಟದ್ದು ವಿನ್ಸೆಂಟ್ ವ್ಯಾನ್ ಗೋನ ಒಂದು ಚಿತ್ರ. 'ಬೈಬಲ್ ಇರುವ ವಸ್ತುಚಿತ್ರ' ಎಂಬುದು ಅದರ ಸಾದಾ ಹೆಸರು. 1885ರ ಅಕ್ಟೋಬರ್‌ನಲ್ಲಿ, ಹಾಲೆಂಡಿನ ನ್ಯೂನೆನ್ ಎಂಬ ಹಳ್ಳಿಯಲ್ಲಿ ಬರೆದದ್ದು. ಎರಡೂವರೆ ಅಡಿ ಅಗಲ ಮುಟ್ಟುವ ಈ ಚಿತ್ರ ಇಂದು ಆಂಸ್ಟರ್‌ಡ್ಯಾಮಿನ ವ್ಯಾನ್ ಗೋ ಮ್ಯೂಸಿಯಂನಲ್ಲಿದೆ. ಸೂರ್ಯಕಾಂತಿ ಹೂಗಳನ್ನೂ ನಕ್ಷತ್ರಗಳು ಸುತ್ತುವ ಆಕಾಶವನ್ನೂ ಬರೆದವನೆಂದು ವ್ಯಾನ್ ಗೋನನ್ನು ಬಲ್ಲವರಿಗೆ ಈ ಚಿತ್ರ ಮೊದಲ ನೋಟಕ್ಕೆ ಅವನದೆಂದೇ ಅನಿಸಲಾರದು. ಅಷ್ಟೊಂದು ಕಪ್ಪು, ಅಷ್ಟೊಂದು ಕಂದು.

ಚಿತ್ರದಲ್ಲಿರುವುದು ಮೂರೇ ವಸ್ತು. ಒಂದು, ಚರ್ಮದ ರಟ್ಟಿನ, ಲೋಹದ ಕೊಂಡಿಗಳುಳ್ಳ ದೊಡ್ಡ ಬೈಬಲ್. ಅದು ತೆರೆದುಕೊಂಡು ಮೇಜನ್ನೆಲ್ಲ ಆಕ್ರಮಿಸಿದೆ. ಎರಡು, ಅದರ ಹಿಂದೆ ಒಂದು ಮೇಣದಬತ್ತಿ, ಆರಿದೆ. ಮೂರು, ಮೇಜಿನ ಅಂಚಿನಲ್ಲಿ ಹಳದಿ ಕಾಗದದ ಹೊದಿಕೆಯ ಒಂದು ಚಿಕ್ಕ ಪುಸ್ತಕ. ಅದು ಮುಚ್ಚಿದೆ, ಓದಿ ಓದಿ ಅಂಚುಗಳು ಜಜ್ಜಿಹೋಗಿವೆ. ಅದರ ಮೇಲಿನ ಹೆಸರನ್ನು ಓದಬಹುದು: ಎಮಿಲ್ ಜೋಲಾನ ಕಾದಂಬರಿ 'ಬದುಕಿನ ಸಂತೋಷ'. ಫ್ರೆಂಚಿನಲ್ಲಿ ಅದು ಅಚ್ಚಾದದ್ದು 1884ರಲ್ಲಿ. ಅಂದರೆ ಒಂದು ವರ್ಷವಷ್ಟೇ ಹಳೆಯದಾದ ಪುಸ್ತಕ ಹೀಗೆ ಸವೆದಿದೆ.

ಬೈಬಲ್ ಯಾರದು? ವಿನ್ಸೆಂಟನ ಅಪ್ಪನದು. ಕಾದಂಬರಿ ಯಾರ ಕೈಯದು? ವಿನ್ಸೆಂಟನದೇ. ಈ ಎರಡು ಉತ್ತರಗಳು ತಿಳಿದ ಕೂಡಲೇ ಮೇಜಿನ ಮೇಲಿರುವುದು ಬರಿಯ ವಸ್ತುಗಳಾಗಿ ಉಳಿಯುವುದಿಲ್ಲ. ಒಂದು ಮನೆಯ ಜಗಳವೂ ಒಂದು ಸಾವೂ ನಮ್ಮೆದುರು ಬಂದು ನಿಲ್ಲುತ್ತವೆ.

ಅಪ್ಪ ಥಿಯೊಡೋರಸ್ ವ್ಯಾನ್ ಗೋ ಪ್ರೊಟೆಸ್ಟೆಂಟ್ ಪಾದ್ರಿಯಾಗಿದ್ದರು. ಕ್ಯಾಥೊಲಿಕರೇ ತುಂಬಿದ್ದ ಬ್ರಬಾಂಟ್ ಸೀಮೆಯ ಹಳ್ಳಿಗಳಲ್ಲಿ ಸಣ್ಣ ಸಣ್ಣ ಸಭೆಗಳನ್ನು ನೋಡಿಕೊಂಡು ಬದುಕಿದವರು. ಹಿರಿಯ ಮಗನೂ ಅದೇ ದಾರಿ ಹಿಡಿಯಹೊರಟಿದ್ದ. ಬೆಲ್ಜಿಯಮ್ಮಿನ ಬೊರಿನಾಜ್ ಎಂಬ ಕಲ್ಲಿದ್ದಲ ಸೀಮೆಯಲ್ಲಿ ಧರ್ಮಬೋಧಕನಾಗಿದ್ದಾಗ ಇದ್ದ ಬಟ್ಟೆಯನ್ನೆಲ್ಲ ಗಣಿ ಕಾರ್ಮಿಕರಿಗೆ ಕೊಟ್ಟು, ಹುಲ್ಲಿನ ಮೇಲೆ ಮಲಗಿ, ಅವರಂತೆಯೇ ಮಸಿ ಮೆತ್ತಿಕೊಂಡು ಓಡಾಡಿದ. ಈ ಅತಿ ಉತ್ಸಾಹ ಬೋಧಕನ ಘನತೆಗೆ ತಕ್ಕದ್ದಲ್ಲವೆಂದು 1879ರಲ್ಲಿ ಅವನ ಹುದ್ದೆಯನ್ನು ಮುಂದುವರಿಸಲಿಲ್ಲ. ಗ್ರಂಥದಲ್ಲಿ ಬರೆದಂತೆ ನಡೆಯಹೋದವನನ್ನು ಗ್ರಂಥದ ಕಾವಲುಗಾರರೇ ಹೊರಗೆ ಕಳಿಸಿದರು ಎಂಬುದು ಅವನ ಮನಸ್ಸಿನಲ್ಲಿ ಕಡೆಯವರೆಗೂ ಮಾಯದ ಗಾಯ.

ಅದಾದ ಮೇಲೆ ಅಪ್ಪ ಮಗನ ನಡುವೆ ಮಾತು ಸಲೀಸಾಗಿ ನಡೆಯಲಿಲ್ಲ. 1881ರ ಕ್ರಿಸ್ಮಸ್ ದಿನ ಮಗ ಚರ್ಚಿಗೆ ಬರುವುದಿಲ್ಲ ಎಂದ. ಜಗಳ ಜೋರಾಯಿತು. ಅಪ್ಪ ಮನೆ ಬಿಟ್ಟು ಹೋಗು ಎಂದರು, ಮಗ ಅದೇ ದಿನ ಹೊರಟ. ಆ ದಿನಗಳ ಒಂದು ಪತ್ರದಲ್ಲಿ ವಿನ್ಸೆಂಟ್ ತಮ್ಮ ಥಿಯೊಗೆ ದೂರು ಹೇಳಿಕೊಳ್ಳುತ್ತಾನೆ: ತನ್ನ ಕೈಯಲ್ಲಿ ಮಿಶೆಲೆಯದೋ ವಿಕ್ಟರ್ ಹ್ಯೂಗೋನದೋ ಫ್ರೆಂಚ್ ಪುಸ್ತಕ ಕಂಡರೆ ಸಾಕು, ಅಪ್ಪನಿಗೆ ಬೆಂಕಿ ಹಚ್ಚುವವರು, ಕೊಲೆಗಡುಕರು, ನೀತಿಗೆಟ್ಟವರೇ ನೆನಪಾಗುತ್ತಾರಂತೆ. ಆದ್ದರಿಂದ ಹಳದಿ ಹೊದಿಕೆಯ ಫ್ರೆಂಚ್ ಕಾದಂಬರಿ ಆ ಮನೆಯಲ್ಲಿ ಬರಿಯ ಓದುವ ಪುಸ್ತಕವಾಗಿರಲಿಲ್ಲ. ಅದು ಜಗಳದ ವಸ್ತುವಾಗಿತ್ತು.

1883ರ ಡಿಸೆಂಬರ್‌ನಲ್ಲಿ ಕೈಯಲ್ಲಿ ಕಾಸಿಲ್ಲದೆ ವಿನ್ಸೆಂಟ್ ಮತ್ತೆ ಅಪ್ಪ ಅಮ್ಮನ ಮನೆಗೇ ಬಂದ. 1885ರ ಮಾರ್ಚ್ 26ರಂದು, ಹೊರಗೆ ಹೋಗಿ ಬಂದ ಅಪ್ಪ ಮನೆಯ ಬಾಗಿಲಲ್ಲೇ ಕುಸಿದು ತೀರಿಕೊಂಡರು. ವಯಸ್ಸು 63. ಅವರನ್ನು ಮಣ್ಣು ಮಾಡಿದ್ದು ಮಾರ್ಚ್ 30ಕ್ಕೆ. ಅಂದು ವಿನ್ಸೆಂಟನಿಗೆ 32 ತುಂಬಿತ್ತು. ತನ್ನ ಹುಟ್ಟುಹಬ್ಬದ ದಿನವೇ ಅಪ್ಪನ ಮಣ್ಣಿಗೆ ನಿಂತ ಮಗನ ಮನಸ್ಸಿನಲ್ಲಿ ಏನಿತ್ತೋ ಬಲ್ಲವರಿಲ್ಲ. ಅಪ್ಪನೊಡನೆ ಮುಗಿಸಬೇಕಾಗಿದ್ದ ಜಗಳ ಮುಗಿಯಲೇ ಇಲ್ಲ ಎಂಬುದಂತೂ ಖಚಿತ. ಏಳು ತಿಂಗಳ ನಂತರ ಅವನು ಅಪ್ಪನ ಬೈಬಲನ್ನು ಮೇಜಿನ ಮೇಲೆ ಇಟ್ಟು ಕುಂಚ ಹಿಡಿದ.

ಈ ಚಿತ್ರಕ್ಕೆ ಒಂದು ಸಿದ್ಧ ವ್ಯಾಖ್ಯಾನ ಇದೆ. ಬೈಬಲ್ ಎಂದರೆ ಹಳೆಯ ಕಾಲ, ಸತ್ತ ನಂಬಿಕೆ. ಆರಿದ ಬತ್ತಿ ಅದಕ್ಕೆ ಸಾಕ್ಷಿ. ಹಳದಿ ಕಾದಂಬರಿ ಎಂದರೆ ಹೊಸ ಕಾಲ, ಬೆಳಕು, ಬದುಕು. ಅಪ್ಪನ ಕತ್ತಲೆಯಿಂದ ಮಗ ಹೊರಬಂದ ಎಂಬುದು ಇದರ ಸಾರ. ಓದಲು ಸುಲಭ, ತರಗತಿಯಲ್ಲಿ ಹೇಳಲು ಇನ್ನೂ ಸುಲಭ. ನಮಗೆ ಈ ವ್ಯಾಖ್ಯಾನ ಒಪ್ಪಿಗೆಯಾಗುವುದಿಲ್ಲ. ಧರ್ಮದ ಪರವಾಗಿ ವಕಾಲತ್ತು ವಹಿಸಬೇಕೆಂದಲ್ಲ. ಚಿತ್ರದೊಳಗಿನ ಸಾಕ್ಷ್ಯವೇ ಅದಕ್ಕೆ ವಿರುದ್ಧವಾಗಿದೆ.

ಮೊದಲನೆಯದು, ಬೈಬಲನ್ನು ಬರೆದ ರೀತಿ. ಗೇಲಿ ಮಾಡಬೇಕೆಂದವನು, ಬೀಳ್ಕೊಡಬೇಕೆಂದವನು ಒಂದು ವಸ್ತುವನ್ನು ಇಷ್ಟು ಹೊತ್ತು ನೋಡುವುದಿಲ್ಲ. ಪುಟಗಳ ಬಿಳಿಯನ್ನು ಗಮನಿಸಿ. ಅದು ಒಂದೇ ಬಿಳಿಯಲ್ಲ. ಬೂದಿ, ನೀಲಿ, ಹಳದಿ ಮಿಶ್ರವಾದ, ದಪ್ಪ ದಪ್ಪ ಬಣ್ಣ ಮೆತ್ತಿದ ಬಿಳಿ. ಪುಟಗಳ ಉಬ್ಬು ತಗ್ಗು ಉತ್ತ ಹೊಲದಂತೆ ಕಾಣುತ್ತದೆ. ಇಡೀ ಚಿತ್ರದ ಭಾರವೆಲ್ಲ ಅಲ್ಲೇ ಇದೆ. ಕಾದಂಬರಿ ಅದರ ಮುಂದೆ ಒಂದು ಪುಟ್ಟ ಹಳದಿ ಚುಕ್ಕೆ. ಆ ಚುಕ್ಕೆ ಕಣ್ಣನ್ನು ಎಳೆಯುತ್ತದೆ ನಿಜ. ಆದರೆ ಎಳೆದು ಮತ್ತೆ ಬೈಬಲಿಗೇ ತಂದು ಬಿಡುತ್ತದೆ.

ಎರಡನೆಯದು, ತೆರೆದ ಪುಟ. ಅಕ್ಷರಗಳೆಲ್ಲ ಬರಿಯ ಕುಂಚದ ಗೆರೆಗಳು, ಓದಲು ಬರುವುದಿಲ್ಲ. ತಲೆಬರಹವನ್ನು ಮಾತ್ರ ಓದುವಂತೆ ಬರೆದಿದ್ದಾನೆ: ಯೆಶಾಯ, ಅಧ್ಯಾಯ 53. ಅದೂ ಫ್ರೆಂಚ್ ರೂಪದಲ್ಲಿ. ಜನರ ತಿರಸ್ಕಾರಕ್ಕೆ ಗುರಿಯಾದ, ಇತರರ ನೋವನ್ನು ತನ್ನ ಮೇಲೆ ಹೊತ್ತುಕೊಂಡು ಬಾಯಿ ಬಿಡದೆ ನಡೆದ ಸೇವಕನೊಬ್ಬನ ವರ್ಣನೆ ಈ ಅಧ್ಯಾಯದಲ್ಲಿದೆ. ಬೈಬಲಿನಲ್ಲಿ ಸಾವಿರಕ್ಕೂ ಹೆಚ್ಚು ಅಧ್ಯಾಯಗಳಿವೆ. ಓದಲು ಬಾರದ ಪುಟದ ಮೇಲೆ ಓದಲು ಬರುವ ಒಂದೇ ಗುರುತನ್ನು ಇಟ್ಟವನು ಅದನ್ನು ಯೋಚಿಸದೆ ಇಟ್ಟಿರಲಾರ.

ಮೂರನೆಯದು, ಜೋಲಾನ ಕಾದಂಬರಿಯ ಕತೆ. ಶೀರ್ಷಿಕೆ ನೋಡಿ ಇದು ನಗೆಹಬ್ಬದ ಪುಸ್ತಕ ಎಂದು ತಿಳಿಯುವವರಿದ್ದಾರೆ. ಹಾಗಿಲ್ಲ. ತಂದೆ ತಾಯಿಯಿಲ್ಲದ ಪೊಲೀನ್ ಎಂಬ ಹುಡುಗಿ ಕಡಲ ಕರೆಯ ಊರಿನ ಬಂಧುಗಳ ಮನೆಗೆ ಬರುತ್ತಾಳೆ. ಯಜಮಾನನಿಗೆ ಸಂಧಿವಾತ. ಅವನ ಮಗ ಲಾಜಾರ್‌ಗೆ ಹಗಲೂ ರಾತ್ರಿ ಸಾವಿನ ಭಯ. ಹುಡುಗಿಯ ಪಿತ್ರಾರ್ಜಿತ ಹಣ ಆ ಮನೆಯವರ ಕೈಯಲ್ಲಿ ಸ್ವಲ್ಪ ಸ್ವಲ್ಪವಾಗಿ ಕರಗಿಹೋಗುತ್ತದೆ. ತಾನು ಮದುವೆಯಾಗಬೇಕಿದ್ದ ಲಾಜಾರ್‌ನನ್ನೂ ಅವಳು ಇನ್ನೊಬ್ಬಳಿಗೆ ಬಿಟ್ಟುಕೊಡುತ್ತಾಳೆ. ಕಡೆಗೆ ಅವನ ಮಗು ಉಸಿರಿಲ್ಲದೆ ಹುಟ್ಟಿದಾಗ ತನ್ನ ಉಸಿರು ಕೊಟ್ಟು ಬದುಕಿಸಿ, ಸಾಕುತ್ತಾಳೆ. ಎಲ್ಲವನ್ನೂ ಕಳೆದುಕೊಂಡವಳು ಬದುಕನ್ನು ಬಯ್ಯುವುದಿಲ್ಲ. ಇತರರ ಭಾರ ಹೊತ್ತು, ತಿರಸ್ಕಾರ ನುಂಗಿ ನಡೆದವಳು. ಅಂದರೆ ಯೆಶಾಯನ ಪುಟದ ಸೇವಕನಿಗೂ ಈ ಹುಡುಗಿಗೂ ದೂರವೇನಿದೆ?

ಅಪ್ಪ ಬೆಂಕಿ ಹಚ್ಚುವವರ ಪುಸ್ತಕವೆಂದು ಹೆದರಿದ್ದ ಹಳದಿ ಪುಸ್ತಕದಲ್ಲಿ ಮಗನಿಗೆ ಸಿಕ್ಕಿದ್ದು ಅಪ್ಪನ ಗ್ರಂಥದ್ದೇ ಮಾತು. ಇದನ್ನು ಅಪ್ಪ ಬದುಕಿದ್ದಾಗ ಹೇಳಿ ಒಪ್ಪಿಸಲು ಅವನಿಗೆ ಆಗಲಿಲ್ಲ. ಈಗ ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟಿದ್ದಾನೆ. ಅಪ್ಪನ ಗ್ರಂಥವನ್ನು ತೆರೆದಿಟ್ಟು, ತನ್ನದನ್ನು ಮುಚ್ಚಿಟ್ಟಿದ್ದಾನೆ. ವಾದದಲ್ಲಿ ಗೆಲ್ಲಬೇಕೆಂದವನು ಇದನ್ನು ತಿರುಗುಮುರುಗು ಮಾಡುತ್ತಿದ್ದ.

ಹಾಗೆಂದು ಎಲ್ಲ ಸಮಾಧಾನವಾಯಿತು, ಮಗ ಅಪ್ಪನ ಪಾದಕ್ಕೆ ಬಿದ್ದ ಎಂದು ನಾವು ಹೇಳುತ್ತಿಲ್ಲ. ಅದೂ ಇನ್ನೊಂದು ಸಿದ್ಧ ಉತ್ತರವಾದೀತು. ಬತ್ತಿ ಆರಿದೆ ಎಂಬುದನ್ನು ಮರೆಯುವಂತಿಲ್ಲ. ಹದಿನೇಳನೆಯ ಶತಮಾನದ ಡಚ್ಚರು ತಮ್ಮ ವಸ್ತುಚಿತ್ರಗಳಲ್ಲಿ ತಲೆಬುರುಡೆ, ಮರಳು ಗಡಿಯಾರ, ಆರಿದ ಬತ್ತಿ ಇಟ್ಟು 'ಎಲ್ಲವೂ ಅಳಿಯುವುದೇ' ಎಂದು ನೆನಪಿಸುತ್ತಿದ್ದರು. ಆ ಪರಂಪರೆಯಲ್ಲೇ ಬೆಳೆದ ವಿನ್ಸೆಂಟನಿಗೆ ಬತ್ತಿಯ ಅರ್ಥ ಗೊತ್ತಿತ್ತು. ಅದು ಅಪ್ಪನ ಉಸಿರೂ ಆಗಬಹುದು, ಅಪ್ಪ ನಂಬಿದ ರೀತಿಯ ನಂಬಿಕೆಯೂ ಆಗಬಹುದು. ಎರಡು ವರ್ಷಗಳ ನಂತರ, 1887ರಲ್ಲಿ ತಂಗಿ ವಿಲೆಮಿನ್‌ಗೆ ಬರೆದ ಪತ್ರದಲ್ಲಿ ಅವನು, ನಮಗೆ ಬೈಬಲ್ ಒಂದೇ ಸಾಕೇ ಎಂದು ಕೇಳುತ್ತಾನೆ. ಬದುಕಿರುವವರನ್ನು ಸತ್ತವರ ನಡುವೆ ಹುಡುಕಬೇಡಿ ಎಂದು ಯೇಸುವೇ ಇಂದು ಹೇಳುತ್ತಿದ್ದ ಎಂಬುದು ಅವನ ವಾದ. ಆದರೆ ಅದೇ ಪತ್ರದಲ್ಲಿ ಬೈಬಲನ್ನು ತಾನು ಚೆನ್ನಾಗಿ ಓದಿದ್ದರ ಬಗ್ಗೆ ಸಂತೋಷವನ್ನೂ ಹೇಳಿಕೊಳ್ಳುತ್ತಾನೆ. ಬಿಟ್ಟುಬಿಟ್ಟವನ ಮಾತಲ್ಲ ಅದು, ಪೂರ್ತಿ ಒಪ್ಪಿದವನದೂ ಅಲ್ಲ.

ಇನ್ನು ನಮ್ಮ ವಾದಕ್ಕೆ ನಾವೇ ಎತ್ತಬೇಕಾದ ಆಕ್ಷೇಪವೊಂದಿದೆ. ಈ ಚಿತ್ರವನ್ನು ಅಕ್ಟೋಬರ್ ಕೊನೆಯಲ್ಲಿ ಥಿಯೊಗೆ ಕಳಿಸುವಾಗ ವಿನ್ಸೆಂಟ್ ಬರೆದ ಪತ್ರ ಉಳಿದಿದೆ. ಅದರಲ್ಲಿ ಏನಿದೆ? ಮಾನೆಯ ಒಂದು ಚಿತ್ರವನ್ನು ಥಿಯೊ ವರ್ಣಿಸಿದ್ದ, ಅದಕ್ಕೆ ಉತ್ತರವಾಗಿ ಇದು ಎನ್ನುತ್ತಾನೆ. ಕಪ್ಪು ಹಿನ್ನೆಲೆ, ಚರ್ಮದ ರಟ್ಟು, ಮಾಸಿದ ಬಿಳಿ, ಕಂದು ಮುನ್ನೆಲೆ, ಮೇಲೊಂದು ನಿಂಬೆ ಹಳದಿ ಎಂದು ಬಣ್ಣಗಳ ಪಟ್ಟಿ ಕೊಡುತ್ತಾನೆ. ಒಂದೇ ದಿನದಲ್ಲಿ, ಒಂದೇ ಉಸಿರಿನಲ್ಲಿ ಮುಗಿಸಿದೆ ಎಂದು ಹೆಮ್ಮೆಪಡುತ್ತಾನೆ. ಅಪ್ಪನ ಸುದ್ದಿಯೇ ಇಲ್ಲ.

ಹಾಗಾದರೆ ನಾವು ಹೇಳಿದ್ದೆಲ್ಲ ಕಲ್ಪನೆಯೇ? ಆ ತಿಂಗಳುಗಳ ಹಿನ್ನೆಲೆಯನ್ನು ನೋಡಿದರೆ ಆಕ್ಷೇಪ ಇನ್ನೂ ಗಟ್ಟಿಯಾಗುತ್ತದೆ. ಅವನ ಚಿತ್ರಗಳಿಗೆ ಕೂತಿದ್ದ ಹಳ್ಳಿಯ ಹುಡುಗಿಯೊಬ್ಬಳು ಗರ್ಭಿಣಿಯಾದಾಗ ಊರವರ ಬೆರಳು ಅವನತ್ತ ತಿರುಗಿತ್ತು. ತಾನಲ್ಲವೆಂದು ಅವನು ಹೇಳಿದರೂ ಕ್ಯಾಥೊಲಿಕ್ ಪಾದ್ರಿ ತನ್ನ ಸಭೆಯವರಿಗೆ ಈ ಚಿತ್ರಕಾರನ ಮುಂದೆ ಕೂರಬೇಡಿ ಎಂದು ತಾಕೀತು ಮಾಡಿದ. ಮನುಷ್ಯರು ಸಿಗದೆ ಅವನು ಆಲೂಗಡ್ಡೆ, ಸೇಬು, ಹಕ್ಕಿಗೂಡುಗಳನ್ನು ಬರೆಯುತ್ತಿದ್ದ ಕಾಲ ಅದು. ಅಕ್ಟೋಬರ್ ಮೊದಲ ವಾರದಲ್ಲಿ ಆಂಸ್ಟರ್‌ಡ್ಯಾಮಿಗೆ ಹೋಗಿ ರೆಂಬ್ರಾಂಟ್, ಫ್ರಾನ್ಸ್ ಹಾಲ್ಸ್‌ರ ಚಿತ್ರಗಳನ್ನು ನೋಡಿಬಂದಿದ್ದ. ಕಪ್ಪನ್ನು ಹೇಗೆ ಬಳಸಬೇಕೆಂಬ ಗೀಳು ಹತ್ತಿತ್ತು. ಕಪ್ಪು ಬಿಳಿ ಹಳದಿಗೆ ಬೇಕಾದ ವಸ್ತುಗಳು ಕೈಗೆ ಸಿಕ್ಕವು, ಬರೆದ ಎಂದರೆ ತಪ್ಪೇನು?

ತಪ್ಪಿಲ್ಲ, ಆದರೆ ಸಾಲದು. ಬಣ್ಣದ ಮಾತು ಸುಳ್ಳಲ್ಲ. ಚಿತ್ರಕಾರ ಚಿತ್ರವನ್ನು ಬಣ್ಣದಲ್ಲೇ ಯೋಚಿಸುತ್ತಾನೆ. ಆದರೆ ಅದೇ ವರ್ಷದ ಏಪ್ರಿಲ್‌ನಲ್ಲಿ, ಅಪ್ಪನನ್ನು ಮಣ್ಣು ಮಾಡಿದ ವಾರವಷ್ಟೇ ಕಳೆದಾಗ, ಅವನು ಥಿಯೊಗೆ ಬರೆದ ಇನ್ನೊಂದು ಪತ್ರ ಇದೆ. ಅದರಲ್ಲಿ ಒಂದು ವಸ್ತುಚಿತ್ರದ ರೇಖಾಪ್ರತಿ ಇದೆ: ಹೂದಾನಿಯಲ್ಲಿ ಒಣಗಿದ ಕಾಯಿಗಳ ಗೊಂಚಲು, ಅದರ ಮುಂದೆ ಒಂದು ತಂಬಾಕಿನ ಸಂಚಿ, ಒಂದು ಪೈಪು. ಇವು ಅಪ್ಪನವು ಎಂದು ಅಲ್ಲಿ ಸ್ಪಷ್ಟವಾಗಿ ಹೇಳುತ್ತಾನೆ. ನಿನಗೆ ಬೇಕಿದ್ದರೆ ಈ ಚಿತ್ರವನ್ನು ಇಟ್ಟುಕೋ ಎಂದು ತಮ್ಮನಿಗೆ ಕೊಡಲು ಮುಂದಾಗುತ್ತಾನೆ. ಸತ್ತವರ ವಸ್ತುವನ್ನು ಚಿತ್ರದಲ್ಲಿಡುವುದು, ಆ ಚಿತ್ರವನ್ನು ಉಳಿದವರಿಗೆ ಕೊಡುವುದು ಅವನಿಗೆ ಹೊಸದಾಗಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ. ಏಪ್ರಿಲ್‌ನಲ್ಲಿ ಹೇಳಬೇಕಾಗಿದ್ದದ್ದನ್ನು ಅಕ್ಟೋಬರ್‌ನಲ್ಲಿ ಹೇಳಬೇಕಾಗಿರಲಿಲ್ಲ. ಆ ಮನೆಯಲ್ಲೇ ಹುಟ್ಟಿದ ಥಿಯೊಗೆ ಬೈಬಲ್ ಯಾರದೆಂದು ಬರೆದು ತಿಳಿಸಬೇಕೇ?

ಏಪ್ರಿಲಿನ ಚಿತ್ರವನ್ನೂ ಅಕ್ಟೋಬರಿನದನ್ನೂ ಪಕ್ಕದಲ್ಲಿಟ್ಟು ನೋಡಿದರೆ ಇನ್ನೊಂದು ಸಂಗತಿ ತಿಳಿಯುತ್ತದೆ. ಪೈಪು, ಸಂಚಿಗಳ ವಿಷಯದಲ್ಲಿ ಅಪ್ಪ ಮಗನಿಗೆ ಜಗಳವಿರಲಿಲ್ಲ. ವಿನ್ಸೆಂಟನೂ ಪೈಪು ಸೇದುತ್ತಿದ್ದ. ಆದ್ದರಿಂದ ಮೊದಲ ದುಃಖದಲ್ಲಿ ಕೈ ಹೋದದ್ದು ಜಗಳವಿಲ್ಲದ ವಸ್ತುವಿನ ಕಡೆಗೆ. ಜಗಳದ ವಸ್ತುವನ್ನು ಮುಟ್ಟಲು ಅವನಿಗೆ ಏಳು ತಿಂಗಳು ಬೇಕಾಯಿತು. ಮರಣ ಕಂಡ ಮನೆಯವರಿಗೆ ಇದು ತಿಳಿದ ವಿಷಯ. ಕನ್ನಡಕ, ಊರುಗೋಲು, ಟೋಪಿಗಳನ್ನು ಮೊದಲ ದಿನವೇ ಎತ್ತಿ ಎದೆಗೊತ್ತಿಕೊಳ್ಳುತ್ತೇವೆ. ಅವರ ಕಾಗದಪತ್ರಗಳ ಪೆಟ್ಟಿಗೆಯನ್ನು ತೆರೆಯುವುದು ತಡವಾಗಿ.

ಆದರೆ ವಸ್ತುವಿನ ಹಿಂದೆ ಮನುಷ್ಯನನ್ನು ಹುಡುಕುವ ಈ ಆಟದಲ್ಲಿ ಜಾರಿ ಬಿದ್ದ ದೊಡ್ಡವರೂ ಇದ್ದಾರೆ. 1886ರಲ್ಲಿ ಪ್ಯಾರಿಸ್ಸಿನಲ್ಲಿ ವ್ಯಾನ್ ಗೋ ಒಂದು ಜೊತೆ ಹಳೆಯ ಬೂಟುಗಳನ್ನು ಬರೆದ. ಜರ್ಮನ್ ತತ್ತ್ವಜ್ಞಾನಿ ಹೈಡೆಗರ್ 1930ರ ದಶಕದ ತನ್ನ ಉಪನ್ಯಾಸದಲ್ಲಿ ಅವುಗಳನ್ನು ರೈತ ಹೆಂಗಸಿನ ಬೂಟುಗಳೆಂದು ತಿಳಿದು, ಅವಳ ಹೊಲ, ಅವಳ ದಣಿವು, ನೆಲದ ಕರೆ ಎಂದೆಲ್ಲ ಮನಸ್ಸು ಕಲಕುವಂತೆ ವರ್ಣಿಸಿದ. 1968ರಲ್ಲಿ ಅಮೆರಿಕದ ಕಲಾವಿದ್ವಾಂಸ ಮೇಯರ್ ಶಪೀರೊ ಇದನ್ನು ಪ್ರಶ್ನಿಸಿದ. ಯಾವ ಚಿತ್ರ ನೋಡಿದಿರಿ ಎಂದು ಪತ್ರ ಬರೆದು ಕೇಳಿ, ಆ ಬೂಟುಗಳು ಆಗ ನಗರವಾಸಿಯಾಗಿದ್ದ ವ್ಯಾನ್ ಗೋನವೇ ಎಂದು ವಾದಿಸಿದ. ವಸ್ತುಚಿತ್ರ ಎಂದರೆ ಬರೆದವನ ಸ್ವಂತದ್ದು, ಅವನ ಬದುಕಿನ ತುಣುಕು ಎಂಬುದು ಅವನ ನಿಲುವು. ಶಪೀರೊ ತನ್ನ ಲೇಖನವನ್ನು ಅರ್ಪಿಸಿದ್ದು ನಾಜಿಗಳು ಬಂಧಿಸಿ ದೇಶ ಬಿಡಿಸಿದ್ದ ವಿಜ್ಞಾನಿ ಕರ್ಟ್ ಗೋಲ್ಡ್‌ಸ್ಟೈನ್‌ನ ನೆನಪಿಗೆ. ಹೈಡೆಗರ್ 1933ರಲ್ಲಿ ನಾಜಿ ಪಕ್ಷ ಸೇರಿದ್ದವನು. ಒಂದು ಜೊತೆ ಬೂಟು ನೆಲಕ್ಕೆ ಅಂಟಿದವರದೋ, ಊರು ಬಿಟ್ಟು ಅಲೆದವನದೋ ಎಂಬ ತಕರಾರು ಬರಿಯ ಕಲೆಯ ತಕರಾರಾಗಿರಲಿಲ್ಲ.

ನಮ್ಮ ಒಲವು ಶಪೀರೊನ ಕಡೆಗೆ. ಆದರೂ ಅವನ ವಾದಕ್ಕೂ ಮಿತಿಯಿದೆ. ವ್ಯಾನ್ ಗೋನ ಸಹಪಾಠಿಯೊಬ್ಬ ಹೇಳಿದ ಪ್ರಕಾರ ಆ ಬೂಟುಗಳನ್ನು ಅವನು ಹಳೆ ಸಾಮಾನಿನ ಸಂತೆಯಲ್ಲಿ ಕೊಂಡು, ಮಳೆಯಲ್ಲಿ ಹಾಕಿಕೊಂಡು ನಡೆದು, ಕೆಸರು ಮೆತ್ತಿಸಿ ತಂದು ಬರೆದನಂತೆ. ಅಂದರೆ ಮೊದಲು ಬೇರಾರೋ ತೊಟ್ಟದ್ದು, ಆಮೇಲೆ ಅವನದಾದದ್ದು. ವಸ್ತು ಒಬ್ಬರದೇ ಆಗಿ ಇರುವುದಿಲ್ಲ. ಕೈ ಬದಲಾಗುತ್ತದೆ, ಅರ್ಥವೂ ಬದಲಾಗುತ್ತದೆ. ಅಪ್ಪನ ಬೈಬಲಿಗೂ ಈ ಮಾತು ಹೊಂದುತ್ತದೆ. ಮಗನ ಮೇಜಿಗೆ ಬಂದಾಗ ಅದು ಅಪ್ಪನ ಕೈಯಲ್ಲಿದ್ದ ಬೈಬಲೇ ಆಗಿ ಉಳಿಯಲಿಲ್ಲ.

1888ರ ಕೊನೆಗೆ, ಆರ್ಲ್ ಪಟ್ಟಣದ ಹಳದಿ ಮನೆಯಲ್ಲಿ ಗೊಗ್ಯಾನ್ ಜೊತೆಗಿದ್ದಾಗ, ಅವನು ಎರಡು ಕುರ್ಚಿಗಳನ್ನು ಬರೆದ. ತನ್ನ ಸಾದಾ ಹುಲ್ಲು ಹೆಣೆದ ಕುರ್ಚಿಯ ಮೇಲೆ ಪೈಪು ಮತ್ತು ತಂಬಾಕು. ಗೊಗ್ಯಾನನ ಕೈಯಿರುವ ಕುರ್ಚಿಯ ಮೇಲೆ ಉರಿಯುವ ಮೇಣದಬತ್ತಿ, ಎರಡು ಪುಸ್ತಕ. ಮನುಷ್ಯರಿಲ್ಲ, ಅವರು ಎದ್ದುಹೋದ ಜಾಗವಿದೆ. ಅದು ಅಪ್ಪನ ಪೈಪು ಎನ್ನಲು ಆಧಾರವಿಲ್ಲ, ಹಾಗೆ ಹೇಳುವ ಆಸೆಯನ್ನು ನಾವು ತಡೆದುಕೊಳ್ಳಬೇಕು. ಅಪ್ಪ ತೀರಿಕೊಂಡಾಗ ಕಲಿತ ಭಾಷೆ ಅದು ಎಂದಷ್ಟೇ ಹೇಳಬಹುದು. ಯಾರದೋ ಪೈಪು ಇಟ್ಟರೆ ಯಾರೋ ಇದ್ದಾರೆ ಎಂದರ್ಥ.

ಡಿಸೆಂಬರ್ 23ರ ರಾತ್ರಿ ಕಿವಿ ಕತ್ತರಿಸಿಕೊಂಡು ಆಸ್ಪತ್ರೆ ಸೇರಿದವನು 1889ರ ಜನವರಿ 7ರಂದು ಮನೆಗೆ ಮರಳಿದ. ಆ ದಿನಗಳಲ್ಲಿ ಬರೆದ ವಸ್ತುಚಿತ್ರ ಈಗ ಹಾಲೆಂಡಿನ ಕ್ರೋಲರ್ ಮ್ಯೂಲರ್ ಮ್ಯೂಸಿಯಂನಲ್ಲಿದೆ. ತಟ್ಟೆಯಲ್ಲಿ ಮೊಳಕೆಯೊಡೆದ ಈರುಳ್ಳಿ, ಪೈಪು, ತಂಬಾಕು, ಅರಗು, ಒಂದು ಬಾಟಲಿ, ರಾಸ್ಪಾಯ್ ಬರೆದ ಮನೆಮದ್ದಿನ ಪುಸ್ತಕ. ನಿದ್ದೆ ಬಾರದ್ದಕ್ಕೆ ತಲೆದಿಂಬಿನಲ್ಲಿ ಕರ್ಪೂರ ಇಟ್ಟುಕೊಂಡಿದ್ದೇನೆ ಎಂದು ಅವನು ಆಗ ತಮ್ಮನಿಗೆ ಬರೆದಿದ್ದ. ಕರ್ಪೂರವನ್ನು ಎಲ್ಲ ರೋಗಕ್ಕೂ ಹೇಳುತ್ತಿದ್ದವನು ಈ ರಾಸ್ಪಾಯ್. ಮೇಜಿನ ಅಂಚಿಗೆ ಒಂದು ಲಕೋಟೆ, ಮೇಲೆ ವಿನ್ಸೆಂಟನ ವಿಳಾಸ, ಥಿಯೊ ಕಳಿಸಿದ್ದು. ಥಿಯೊ ಯೊಹಾನಾ ಬೊಂಗರ್ ಎಂಬಾಕೆಯನ್ನು ಮದುವೆಯಾಗುವ ಸುದ್ದಿ ಹೊತ್ತು ಡಿಸೆಂಬರ್ 23ರಂದೇ ಬಂದ ಪತ್ರ ಇದಿರಬಹುದು, ತಮ್ಮನ ಆಸರೆ ತಪ್ಪೀತೆಂಬ ಭಯವೇ ಅವನನ್ನು ಕೆಡವಿರಬಹುದು ಎಂದು ಕಲಾ ಇತಿಹಾಸಕಾರ ಮಾರ್ಟಿನ್ ಬೈಲಿ ಲಕೋಟೆಯ ಅಂಚೆ ಮುದ್ರೆಗಳ ಆಧಾರದಿಂದ ವಾದಿಸಿದ್ದಾರೆ. ಇದು ಊಹೆಯೇ. ಆದರೆ ನಮ್ಮ ಕಣ್ಣಿಗೆ ಮೊದಲು ಬಿದ್ದದ್ದು ಲಕೋಟೆಯಲ್ಲ. ಈ ಚಿತ್ರದಲ್ಲಿ ಮೇಣದಬತ್ತಿ ಉರಿಯುತ್ತಿದೆ.

ನ್ಯೂನೆನ್ನಿನಲ್ಲಿ ಆರಿದ್ದ ಬತ್ತಿ ಆರ್ಲಿನಲ್ಲಿ ಹೊತ್ತಿಕೊಂಡಿತು ಎಂದು ಸುಖಾಂತ ಕಟ್ಟುವುದು ಬೇಡ. ಒಂದೂವರೆ ವರ್ಷದಲ್ಲಿ, 1890ರ ಜುಲೈ 29ರಂದು ವಿನ್ಸೆಂಟ್ ತೀರಿಕೊಂಡ. ಆರು ತಿಂಗಳಿಗೆ ಥಿಯೊನೂ ಹೋದ. ಉಳಿದವಳು ಥಿಯೊನ ಹೆಂಡತಿ ಯೊಹಾನಾ, ಕಂಕುಳಲ್ಲಿ ಒಂದು ವರ್ಷದ ಮಗು. ಯಾರೂ ಕೊಳ್ಳದ ಚಿತ್ರಗಳನ್ನು ಎಸೆಯದೆ ಕಾಪಾಡಿದವಳು, ಪ್ರದರ್ಶನಗಳನ್ನು ಏರ್ಪಡಿಸಿದವಳು, 1914ರಲ್ಲಿ ಪತ್ರಗಳನ್ನು ಅಚ್ಚು ಹಾಕಿಸಿದವಳು ಅವಳೇ. ಬೈಲಿಯವರ ಊಹೆ ನಿಜವಾದರೆ, ಯಾರ ಹೆಸರು ಕೇಳಿ ವಿನ್ಸೆಂಟ್ ತನ್ನನ್ನು ಕಳೆದುಕೊಂಡನೋ ಅವಳೇ ಅವನನ್ನು ಉಳಿಸಿದಳು. ಅಪ್ಪನ ಬೈಬಲಿನ ಚಿತ್ರ ಥಿಯೊನ ಮನೆಯಿಂದ ಅವಳಿಗೆ, ಅವಳಿಂದ ಮಗನಿಗೆ ಬಂದು, ಕುಟುಂಬದ ಪ್ರತಿಷ್ಠಾನದ ಮೂಲಕ 1973ರಲ್ಲಿ ಬಾಗಿಲು ತೆರೆದ ಮ್ಯೂಸಿಯಂ ಸೇರಿತು. ಅಪ್ಪನ ಗುರುತನ್ನು ಉಳಿಸಲು ಬರೆದ ಚಿತ್ರ ತಾನೇ ಬರೆದವನ ಗುರುತಾಗಿ ಉಳಿಯಿತು. ಚಿತ್ರಕ್ಕೆ ಕೂತ ಆ ಬೈಬಲ್ ಕೂಡ ಇಂದಿಗೂ ಉಳಿದಿದೆ.

ನಾವು ಇಷ್ಟು ದೂರದ ಒಂದು ಮನೆಯ ಕತೆಯನ್ನು ಇಷ್ಟು ಉದ್ದಕ್ಕೆ ಹೇಳಿದ್ದಕ್ಕೆ ಕಾರಣವಿದೆ. ತೀರಿಕೊಂಡವರು ಓದುತ್ತಿದ್ದ ಗ್ರಂಥ ನಮ್ಮ ಅನೇಕರ ಮನೆಗಳಲ್ಲಿ ಇದೆ. ಅಬ್ಬ ಓದುತ್ತಿದ್ದ ಕುರ್‌ಆನ್ ಬಟ್ಟೆ ಸುತ್ತಿಕೊಂಡು ಕಪಾಟಿನ ಮೇಲಿದೆ; ಪುಟಗಳ ನಡುವೆ ಅವರು ಗುರುತಿಗಿಟ್ಟ ನವಿಲುಗರಿಯೋ ಹಳೆಯ ಬಸ್ಸಿನ ಟಿಕೆಟೋ ಹಾಗೆಯೇ ಇದೆ. ಇನ್ನೊಂದು ಮನೆಯಲ್ಲಿ ಅದು ಅಜ್ಜನ ಭಾರತ, ಮತ್ತೊಂದರಲ್ಲಿ ಅಮ್ಮನ ಬೈಬಲ್. ಅವರು ನಂಬಿದಂತೆಯೇ ಮಕ್ಕಳು ನಂಬುತ್ತಾರೆ ಎಂದೇನಿಲ್ಲ. ಅವರಂತೆ ನಂಬುವ ಮಕ್ಕಳಿಗೂ ಅವರೊಡನೆ ಮುಗಿಯದ ಮಾತುಗಳಿರುತ್ತವೆ. ಆಗ ಎರಡು ದಾರಿ ಸುಲಭವಾಗಿ ಕಾಣುತ್ತವೆ. ಒಂದು, ತೆರೆಯದೆ ಪೂಜ್ಯವಾಗಿ ಮೇಲಿಟ್ಟುಬಿಡುವುದು. ಇನ್ನೊಂದು, ಹಳೆಯದೆಂದು ಯಾರಿಗಾದರೂ ಕೊಟ್ಟುಬಿಡುವುದು. ಸಿದ್ಧ ವ್ಯಾಖ್ಯಾನಕಾರರು ವ್ಯಾನ್ ಗೋನನ್ನು ಈ ಎರಡನೆಯ ದಾರಿಗೆ ನೂಕಿದ್ದಾರೆ. ಅದು ಅವನಿಗೆ ಮಾಡಿದ ಅನ್ಯಾಯ ಎಂದೇ ನಮ್ಮ ತಕರಾರು.

ಅವನು ಮಾಡಿದ್ದು ಬೇರೆ. ಅಪ್ಪನ ಗ್ರಂಥವನ್ನು ಕೆಳಗಿಳಿಸಿ, ತೆರೆದು, ಅಪ್ಪ ಒಪ್ಪದ ತನ್ನ ಪುಸ್ತಕವನ್ನು ಅದರ ಮುಂದಿಟ್ಟ. ಇಡೀ ಒಂದು ದಿನ ಎರಡನ್ನೂ ನೋಡುತ್ತ ಕೂತ. ಅಪ್ಪನೊಡನೆ ಅಷ್ಟು ಹೊತ್ತು ಜಗಳವಿಲ್ಲದೆ ಕೂತದ್ದು ಅದೇ ಮೊದಲಿರಬೇಕು.